ಸಾಲು ಮರೆತ ತೇಗ

ನಾಗರಹೊಳೆಯ ಕಾಡಿನಲ್ಲಿ ಕೆಲವು ಕಡೆ ಮರಗಳು ಸಾಲಾಗಿ ನಿಂತಿವೆ ಎನ್ನುವುದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕು. ಅಂತರಸಂತೆಯ ಕಡೆಯಿಂದಲೋ ಮೇಟಿಕುಪ್ಪೆಯ ಕಡೆಯಿಂದಲೋ ಒಳಗೆ ಹೋಗುವಾಗ ಮೊದಲು ಕಣ್ಣು ತುಂಬುವುದು ಬರೀ ಹಸಿರು, ಅದರ ಹಿಂದೆ ಇನ್ನೊಂದು ಹಸಿರು, ಅದರ ಮೇಲೆ ಅಲ್ಲಲ್ಲಿ ಬಿದ್ದ ಬಿಸಿಲಿನ ತೇಪೆ, ಎಲ್ಲೋ ಒಂದು ಭೀಮರಾಜ ಹಕ್ಕಿ ಇನ್ನಾವುದೋ ಹಕ್ಕಿಯ ದನಿಯನ್ನು ಕದ್ದು ತನ್ನದೆಂಬಂತೆ ಕೂಗುವ ಸದ್ದು. ಆಮೇಲೆ ಜೀಪು ಒಂದು ತಿರುವಿನಲ್ಲಿ ನಿಧಾನವಾದಾಗ, ಕಾಂಡದ ಹಿಂದೆ ಕಾಂಡ, ಕಾಂಡದ ಹಿಂದೆ ಕಾಂಡ, ಹಗ್ಗ ಹಿಡಿದು ಎಳೆದಂತೆ ಮಂಜಿನವರೆಗೂ ಓಡುವ ನೇರ ಗೆರೆಯೊಂದು ತಟ್ಟನೆ ತೆರೆದುಕೊಳ್ಳುತ್ತದೆ. ಅರೆಗಳಿಗೆ ಅಷ್ಟೆ. ಜೀಪು ಮುಂದೆ ಸರಿದರೆ ಗೆರೆ ಮುಚ್ಚಿಕೊಂಡು ಮತ್ತೆ ಕಾಡಾಗುತ್ತದೆ.

ಅದು ನೆಟ್ಟ ತೇಗ. ಮೈಸೂರು ಸಂಸ್ಥಾನಕ್ಕೆ ಅರಣ್ಯ ಇಲಾಖೆ ಎಂಬುದೊಂದು ಬಂದದ್ದು 1864ರಲ್ಲಿ. ಅದಕ್ಕೂ ಮುಂಚೆ, 1840ರ ದಶಕದಲ್ಲಿ, ಘಟ್ಟದ ಆಚೆ ಮಗ್ಗುಲಿನ ನಿಲಂಬೂರಿನಲ್ಲಿ ಮಲಬಾರಿನ ಕಲೆಕ್ಟರ್ ಕಾನೊಲಿಗೆ ಚಾತು ಮೆನನ್ ತೇಗದ ತೋಟ ಎಬ್ಬಿಸಿಕೊಟ್ಟಿದ್ದರು. ಹಡಗಿಗೆ ಮರ ಬೇಕಿತ್ತು. ಆಮೇಲೆ ರೈಲಿನ ಹಳಿಯ ಕೆಳಗೆ ಹಾಸುವ ದಿಮ್ಮಿಗೂ ಬೇಕಾಯಿತು. ಆ ವಿದ್ಯೆ ನಮ್ಮ ಸೀಮೆಗೂ ಇಳಿಯಿತು. ಇದ್ದ ಕಾಡನ್ನು ಕಡಿದು, ಸುಟ್ಟು, ಅಳೆದು, ಗುಳಿ ತೋಡಿ ಸಾಲು ಹಿಡಿದರು. ತೇಗ ಬಲಿತು ಬೆಲೆಗೆ ಬರಲು ಅರವತ್ತೋ ಎಂಬತ್ತೋ ವರ್ಷ ಬೇಕು; ಹಾಗಾಗಿ ಗುಳಿಗೆ ಸಸಿ ಇಟ್ಟು ಹೆಬ್ಬೆರಳಿನಿಂದ ಮಣ್ಣು ಒತ್ತಿದ ಆಳಿಗೂ, ಪಕ್ಕದಲ್ಲಿ ನಿಂತು ಎಣಿಸಿ ಬರೆದುಕೊಂಡ ಗುಮಾಸ್ತನಿಗೂ ಕೊಡಲಿ ಬೀಳುವ ದಿನ ನೋಡುವ ಭಾಗ್ಯವಿಲ್ಲವೆಂದು ಗೊತ್ತಿದ್ದೇ ಇತ್ತು. ಇನ್ನೂ ಹುಟ್ಟದ ಯಾರದೋ ಲಾಭಕ್ಕೆ ಲೆಕ್ಕ ಬರೆಯುವುದರಲ್ಲಿ ಒಂದು ಬಗೆಯ ಭಕ್ತಿಯಿದೆ, ಅದು ಸರ್ಕಾರದ ಖಜಾನೆಗಾದರೂ ಸರಿ. ಆದರೆ ಕಡಿಯುವ ಸರದಿ ಬರುವಷ್ಟರಲ್ಲಿ ಕಾಲವೇ ಮಗ್ಗುಲು ಬದಲಿಸಿತ್ತು. ಮಹಾರಾಜರ ಬೇಟೆಯ ಕಾಡು 1955ರಲ್ಲಿ ಅಭಯಾರಣ್ಯವಾಯಿತು, 1972ರಲ್ಲಿ ವನ್ಯಜೀವಿ ಕಾಯಿದೆ ಬಂತು, 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂತು, 1988ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಕೊಡಲಿ ಬರಲಿಲ್ಲ. ಅವಧಿ ಮುಗಿದೂ ಕರೆ ಬಾರದ ತೇಗ ಅಲ್ಲೇ ನಿಂತಿತು, ನಿಂತು ನಿಂತು ಸಾಲನ್ನು ಮರೆಯತೊಡಗಿತು.

ಮರೆಸುವವರು ಬಹಳ ಜನ. ಆನೆಗೆ ಸಾಲಿನ ಹಂಗಿಲ್ಲ. ಅದು ತನಗೆ ಗೊತ್ತಿರುವ ಓರೆಯ ದಾರಿಯಲ್ಲಿ ಸಾಲನ್ನು ಕತ್ತರಿಸಿಕೊಂಡು ಹೋಗುತ್ತದೆ, ಹೋಗುತ್ತ ಒಂದು ಮರದ ತೊಗಟೆಯನ್ನು ಉದ್ದಕ್ಕೆ ಸಿಗಿಯುತ್ತದೆ, ಇನ್ನೊಂದಕ್ಕೆ ಮೈ ತಿಕ್ಕಿ ಕಾಂಡದ ಮೇಲೆ ಆಳೆತ್ತರಕ್ಕೂ ಮೀರಿ ಕೆಸರು ಮೆತ್ತಿ ಬಿಡುತ್ತದೆ. ಗಾಳಿ ತಂದ ಮತ್ತಿಯ ರೆಕ್ಕೆಬೀಜ ಎರಡು ಸಾಲಿನ ನಡುವೆ ಬೇರೂರಿ, ಮೊಸಳೆಯ ಬೆನ್ನಿನಂಥ ಒಡಕಲು ತೊಗಟೆಯೊಂದಿಗೆ ತೇಗದ ಹೆಗಲಿಗೆ ಬಂದಿದೆ. ಹೊನ್ನೆ ಬಂದಿದೆ, ನಂದಿ ಬಂದಿದೆ, ಎಲ್ಲಿಂದಲೋ ಒಂದು ಬೀಟೆ. ಮಳೆ ಬಿಟ್ಟ ಮೇಲಿನ ದಿನಗಳಲ್ಲಿ ತೇಗದ ಕೆಳಗೆ ಬಗ್ಗಿ ಒಂದು ಎಲೆ ಎತ್ತಿಕೊಂಡರೆ, ಸಣ್ಣ ಹಸಿರು ಹುಳುವೊಂದು ಅದರ ತಿರುಳನ್ನೆಲ್ಲ ಮೇಯ್ದು ನರಗಳನ್ನಷ್ಟೇ ಬಿಟ್ಟಿರುತ್ತದೆ. ಮುಖದಗಲದ ಆ ಎಲೆ ಈಗ ಬರೀ ಜಾಲಂಧ್ರ, ನಡುದಿಂಡಿನಿಂದ ಕವಲು, ಕವಲಿನಿಂದ ಕಿರುಗವಲು, ಅದರಿಂದ ಕೂದಲೆಳೆಯಂಥ ಚೌಕಗಳು, ಒಂದೂ ಹರಿಯದೆ. ಅದನ್ನು ಕಣ್ಣಿಗೆ ಹಿಡಿದುಕೊಂಡು ನೋಡಿದರೆ ಕಾಡು ಚೂರುಚೂರಾಗಿ, ಆದರೆ ಪೂರ್ತಿಯಾಗಿ ಕಾಣುತ್ತದೆ. ಎಳೆಯ ಎಲೆಯಾದರೆ ಬೆರಳ ನಡುವೆ ಉಜ್ಜಬೇಕು. ಹಸಿರು ಎಲೆ, ಬೆರಳು ಮಾತ್ರ ಕುಂಕುಮ ಮುಟ್ಟಿದಂತೆ ಕೆಂಪು. ಈ ಕೆಂಪನ್ನು ಇಲಾಖೆ ನೆಟ್ಟಿರಲಿಲ್ಲ.

ನೆಟ್ಟ ಕಾಡು ಎಂದು ತಿಳಿದಮೇಲೆ ಬೆರಗು ಕಡಿಮೆಯಾಗಬೇಕಿತ್ತು, ಅನಾದಿ ಎಂದುಕೊಂಡದ್ದು ಅಜ್ಜನ ಕಾಲದ್ದೆಂದು ಗೊತ್ತಾದಮೇಲೆ ಕೈ ಮುಗಿಯುವ ಮನಸ್ಸು ಹಿಂಜರಿಯಬೇಕಿತ್ತು. ನನಗಾದದ್ದು ಬೇರೆ. ಮುಟ್ಟದ ಕಾಡಿನ ಪಾವಿತ್ರ್ಯದ ಮಾತು ನನಗೆ ಎಂದೂ ಅಷ್ಟಾಗಿ ಹಿಡಿಸಿಲ್ಲ. ಇಷ್ಟೊಂದು ಕೈಗಳು ಮುಟ್ಟಿ, ಅಳೆದು, ಬರೆದು, ಕಡಿದು, ಕಾದು, ಆಮೇಲೂ ಯಾವ ಕೈಗೂ ಪೂರ್ತಿ ಸಿಗದೆ ಉಳಿದಿದೆಯಲ್ಲ, ಅದು ದೊಡ್ಡದು.

ಯಾರೂ ನೆಡದ, ಯಾರೂ ಕಡಿಯದ ಜಾಗಗಳೂ ಇವೆ. ಹಡ್ಲು ಎನ್ನುತ್ತಾರೆ. ಕಾಡಿನ ನಡುವೆ ತಗ್ಗಿನಲ್ಲಿ, ಜಿಗುಟು ಮಣ್ಣಿನಲ್ಲಿ ನೀರು ನಿಂತು ಮರ ಏಳದೆ ಹುಲ್ಲಷ್ಟೇ ಹಬ್ಬಿದ ಬಯಲು. ಸುತ್ತಲೂ ಮರಗಳು ದಡದಲ್ಲಿ ನಿಂತವರಂತೆ ನಿಂತುಬಿಟ್ಟಿರುತ್ತವೆ, ಒಂದೂ ಕಾಲು ಮುಂದಿಡುವುದಿಲ್ಲ. ಬೆಳಗಿನ ಜಾವ ಅಲ್ಲಿ ಮಂಜು ಹುಲ್ಲಿನೆತ್ತರಕ್ಕೆ ಹಾಸಿಕೊಂಡಿರುತ್ತದೆ, ಆ ಬಿಳಿಯ ಮೇಲೆ ಮೊದಲು ಕಾಣುವುದು ಕಾಟಿಯ ಬೆನ್ನಿನ ಉಬ್ಬು, ಕಾಲಿಲ್ಲದೆ ತೇಲುವಂತೆ. ಬಿಸಿಲು ಏರಿ ಮಂಜು ಇಳಿದ ಹಾಗೆ ಹೊಟ್ಟೆ, ಮೊಣಕಾಲು, ಕೊನೆಗೆ ಬಿಳಿಯ ಕಾಲುಚೀಲ ತೊಟ್ಟಂಥ ಪಾದ. ಒಂದು ಪ್ರಾಣಿ ಹೀಗೆ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಹುಟ್ಟುವುದನ್ನು ನೋಡುತ್ತ ಕೂತವರು ಯಾಕೋ ಪಿಸುಮಾತನ್ನೂ ಆಡುವುದಿಲ್ಲ, ಆಡಬಾರದೆಂದು ಯಾರೂ ಹೇಳಿರುವುದಿಲ್ಲ.

ಬಿದಿರಿನದು ಇನ್ನೊಂದು ಗುಟ್ಟು. ಹೆಬ್ಬಿದಿರು ನಲವತ್ತೋ ಐವತ್ತೋ ವರ್ಷ ಹಸಿರಾಗಿ ಇದ್ದು, ಒಂದು ವರ್ಷ ಇಡೀ ಸೀಮೆಯಲ್ಲಿ ಹೂಬಿಟ್ಟು, ಬಿದಿರಕ್ಕಿ ಸುರಿಸಿ, ಹಾಗೇ ಒಣಗಿ ನಿಲ್ಲುತ್ತದೆ. ಹೂವೆಂದರೆ ಕಣ್ಣಿಗೆ ಹೂವಲ್ಲ, ಒಣಹುಲ್ಲಿನ ತೆನೆಯಂಥದು. ಮೆಳೆಗೆ ಮೆಳೆ ಹೇಗೆ ಹೇಳಿಕೊಳ್ಳುತ್ತದೋ, ಯಾರ ಪಂಚಾಂಗ ನೋಡುತ್ತದೋ. ಆಮೇಲಿನ ವರ್ಷಗಳಲ್ಲಿ ಸತ್ತ ಬಿದಿರು ಗಾಳಿಗೆ ಒಂದಕ್ಕೊಂದು ತಾಗಿ ಕಟಕಟ ಎನ್ನುವ ಕಾಡಿನಲ್ಲಿ ನಡೆಯುವುದೆಂದರೆ ಯಾರದೋ ಮನೆಯ ತಿಥಿಯ ದಿನ ಒಳಗೆ ಹೋದ ಹಾಗೆ. ಬಗ್ಗಿ ನೋಡಿದರೆ ನೆಲದ ತುಂಬ ಹುಲ್ಲಿನಂಥ ಬಿದಿರ ಮೊಳಕೆ. ಆನೆಯ ಬಾಯಿಗೆ ಬರುವ ಮೆಳೆಯಾಗಲು ಅದಕ್ಕೆ ಎಷ್ಟೋ ಮಳೆಗಾಲ ಬೇಕು, ಅದಕ್ಕೆ ಆತುರವಿಲ್ಲ, ಆತುರವಿರುವುದು ಆನೆಗೆ.

ಸಂಕ್ರಾಂತಿ ಸಮೀಪಿಸಿದಂತೆ ಕಾಡಿನ ಬಣ್ಣ ತಿರುಗುತ್ತದೆ. ಎಲೆ ಉದುರಿ, ತರಗು ಮೊಣಕಾಲಿನವರೆಗೆ ಬಂದು, ಒಂದು ಅಳಿಲು ಓಡಿದರೂ ಯಾರೋ ಬಂದಂತೆ ಸದ್ದು. ಆಗ ವಾಚರುಗಳು ಬೆಂಕಿ ರೇಖೆ ಕಡಿಯಲು ಇಳಿಯುತ್ತಾರೆ: ಹುಲ್ಲು, ಪೊದೆ, ತರಗು ಎಲ್ಲ ಸವರಿ, ಕಾಡನ್ನು ತುಂಡು ತುಂಡಾಗಿ ಬೇರ್ಪಡಿಸುವ ಬರಿನೆಲದ ಪಟ್ಟಿ. ಒಂದು ತುಂಡಿಗೆ ಬಿದ್ದ ಕಿಡಿ ಇನ್ನೊಂದಕ್ಕೆ ದಾಟಬಾರದು. 2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರ ಹೊತ್ತಿ ಉರಿದಾಗ ಆ ಗಾಳಿಗೆ ರೇಖೆಗಳೂ ಸಾಲಲಿಲ್ಲ. ಆದರೂ ಬೆಂಕಿಯ ವಿಷಯದಲ್ಲಿ ಕಾಡಿನವರ ಮಾತೂ ಕಾನೂನಿನ ಮಾತೂ ಒಂದೇ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಎಂದು ಹೇಳುತ್ತಾರೆ: ನೆಲದಲ್ಲಿ ಇನ್ನೂ ಪಸೆ ಇರುವಾಗಲೇ, ಚಳಿಗಾಲದ ಕೊನೆಗೆ, ಪಾದದೆತ್ತರದ ಉರಿ ತರಗನ್ನಷ್ಟೇ ನೆಕ್ಕಿ ಹೋಗುವಂತೆ ಬಿಡುವುದು. ಅದು ನಿಂತಮೇಲೆ ಲಂಟಾನ ಏರಿತು, ನೆಲ್ಲಿಮರಗಳ ಮೇಲೆ ಬಂದಳಿಕೆ ಹೆಚ್ಚಿತು ಎನ್ನುವುದು ಅವರ ದೂರು. ಅಮೆರಿಕದ ಪಶ್ಚಿಮದ ಬೆಟ್ಟಸೀಮೆಯಲ್ಲೂ ಇದೇ ಕಥೆ ಬೇರೆ ಮರಗಳಲ್ಲಿ ನಡೆದಿದೆ. 1910ರ ಆಗಸ್ಟಿನಲ್ಲಿ ಇಡಾಹೊ, ಮೊಂಟಾನಾಗಳ ಕಡೆ ಎರಡು ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಉರಿದುಹೋದ ಮೇಲೆ ಅಲ್ಲಿನ ಇಲಾಖೆ ಬೆಂಕಿಯೆಂದರೆ ಹಗೆ ಎಂದುಕೊಂಡಿತು. 1935ರಲ್ಲಿ, ಎಲ್ಲಿ ಕಿಡಿ ಕಂಡರೂ ಮಾರನೆಯ ಬೆಳಿಗ್ಗೆ 10 ಗಂಟೆಯೊಳಗೆ ಆರಿಸಬೇಕೆಂದು ಅಪ್ಪಣೆಯಾಯಿತು. ದಶಕಗಟ್ಟಲೆ ಆರಿಸಿದರು. ಸುಡಬೇಕಾದ ತರಗು ಸುಡದೆ ಕೂಡಿಕೊಂಡು ಮುಂದಿನ ದೊಡ್ಡ ಬೆಂಕಿಗಳಿಗೆ ಸೌದೆಯಾಯಿತು. ಸಣ್ಣ ಬೆಂಕಿಯನ್ನು ಹದವರಿತು ಕರೆದು, ಹದವರಿತು ಕಳಿಸುವ ವಿದ್ಯೆ ಯಾವ ಗೆಜೆಟ್ಟಿನಲ್ಲೂ ಇರಲಿಲ್ಲ, ಅದು ಇದ್ದದ್ದು ಪಾದದಲ್ಲಿ.

ಆ ಪಾದಗಳು ಈ ಕಾಡಿನಲ್ಲೂ ಇದ್ದವು, ಇವೆ. ಹೆಗ್ಗಡದೇವನಕೋಟೆ, ಹುಣಸೂರಿನ ಹಾಡಿಗಳ ಜೇನುಕುರುಬರು, ಬೆಟ್ಟಕುರುಬರು, ಯರವರು. ಹೆಜ್ಜೇನು ಇಳಿಸುವುದು ರಾತ್ರಿಯ ಕೆಲಸ, ಬೆಳದಿಂಗಳೂ ಬೇಡ. ಸೊಪ್ಪು ಸುತ್ತಿದ ಸೂಡಿ ಹಿಡಿದು, ಹಾಡು ಹೇಳಿಕೊಂಡು ಮರ ಹತ್ತಿದವನು ಎಲ್ಲಿದ್ದಾನೆಂದು ಕೆಳಗಿದ್ದವರಿಗೆ ತಿಳಿಯುವುದು ಹಾಡಿನಿಂದಲೇ. ಸೂಡಿಯಿಂದ ಉದುರಿದ ಕಿಡಿಗಳ ಹಿಂದೆ ಹುಳು ಮೊರೆಯುತ್ತ ಕೆಳಕ್ಕೆ ಧುಮುಕುತ್ತವೆ, ಕಪ್ಪಿನಲ್ಲಿ ಕೆಂಪು ಚುಕ್ಕಿಗಳ ಒಂದು ಮಳೆ, ಅದರ ಮೇಲೆ ನಿಲ್ಲದ ಹಾಡು. ಹುಲಿಯ ಕಾಡು ಎಂದಾದಮೇಲೆ ಎಷ್ಟೋ ಹಾಡಿಗಳು ಹೊರಬಂದವು. 1990ರ ದಶಕದ ಕೊನೆಯಿಂದ ಹುಣಸೂರಿನ ನಾಗಾಪುರದಂಥ ಕಡೆ ಸಾಲು ಮನೆ, ಹೊಲ ಕೊಟ್ಟು ಕೂರಿಸಿದರು. ಕೆಲವರು ತಾವೇ ಬಯಸಿ ಬಂದರು, ಶಾಲೆಗೆ, ಆಸ್ಪತ್ರೆಗೆ, ಆನೆಯಿಲ್ಲದ ರಾತ್ರಿಗೆ. ಕೆಲವರು ಬರಲೇ ಇಲ್ಲ. ಮೂರ್ಕಲ್ಲಿನಲ್ಲಿ ಕಾಡಿನ ಒಳಗೇ ದೊಡ್ಡ ಹೋಟೆಲು ಏಳಲಿದ್ದಾಗ ನ್ಯಾಯಾಲಯದ ಮೆಟ್ಟಿಲು ಹತ್ತಿ 1997ರಲ್ಲಿ ಅದನ್ನು ನಿಲ್ಲಿಸಿದವರೂ ಈ ಬುಡಕಟ್ಟಿನವರ ಸಂಘಟನೆಯವರೇ. 2006ರ ಅರಣ್ಯ ಹಕ್ಕು ಕಾಯಿದೆ ಬಂದಮೇಲೆ, ಅಜ್ಜನ ಗೋರಿ ಎಲ್ಲಿದೆ, ದೇವರ ಕಲ್ಲು ಎಲ್ಲಿದೆ, ಯಾವ ಹಳ್ಳದಲ್ಲಿ ಮೀನು ಹಿಡಿಯುತ್ತಿದ್ದೆವು ಎಂಬುದನ್ನೆಲ್ಲ ಅರ್ಜಿಯ ನಮೂನೆಯಲ್ಲಿ ತುಂಬಿಸಬೇಕಾಯಿತು. ಮತ್ತೂ ವಿಚಿತ್ರವೆಂದರೆ, ಕಳ್ಳಬೇಟೆ ತಡೆಯುವ ಶಿಬಿರಗಳಲ್ಲಿ ದಿನಗೂಲಿಗೆ ಕಾಡು ಕಾಯುವವರಲ್ಲಿ ಎಷ್ಟೋ ಜನ ಇದೇ ಹಾಡಿಗಳ ಹುಡುಗರು. ಅಜ್ಜ ಹೊರಬಂದ ಕಾಡಿಗೆ ಮೊಮ್ಮಗ ಖಾಕಿ ತೊಟ್ಟು ಒಳಗೆ ಹೋಗುತ್ತಾನೆ. ಒಣಗಿದ ಲದ್ದಿಯನ್ನು ಕಾಲಿನಿಂದ ಮಗುಚಿ, ಅದರಲ್ಲಿ ಮೊಳೆತ ಬೀಜ ನೋಡಿ, ಆನೆ ಯಾವ ಮರದ ಕೆಳಗಿಂದ ಬಂತೆಂದು ಹೇಳುತ್ತಾನೆ. ಹೇಳಿ ಆ ಮೊಳಕೆಯ ಪಕ್ಕಕ್ಕೆ ಸರಿದು ನಡೆಯುತ್ತಾನೆ.

ಕಾಕನಕೋಟೆ ಎಂಬ ಹೆಸರನ್ನು ನಮ್ಮಲ್ಲಿ ಬಹಳ ಜನ ಮೊದಲು ಕೇಳಿದ್ದು ಮಾಸ್ತಿಯವರ ನಾಟಕದಿಂದ, ಇಲ್ಲವೇ ಅದನ್ನಾಧರಿಸಿ ಸಿ.ಆರ್. ಸಿಂಹ 1977ರಲ್ಲಿ ಮಾಡಿದ ಚಿತ್ರದಿಂದ. ಅದಕ್ಕೂ ಹಿಂದೆ ಆ ಹೆಸರು ಲೋಕಕ್ಕೆಲ್ಲ ಗೊತ್ತಿದ್ದದ್ದು ಖೆಡ್ಡಾದಿಂದ. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಮೈಸೂರು ಸೀಮೆಯಲ್ಲಿ ಆರಂಭಿಸಿದ ಆನೆ ಹಿಡಿಯುವ ಆ ಮಹಾವ್ಯವಹಾರ ಕಾಕನಕೋಟೆಯಲ್ಲಿ 1971ರವರೆಗೂ ನಡೆಯಿತು: ತಮಟೆ, ಪಂಜು, ಕೂಗು, ದಿನಗಟ್ಟಲೆ ಅಟ್ಟಿಕೊಂಡು ಬಂದು ಕೊನೆಗೆ ದಿಮ್ಮಿಯ ಕೋಟೆಯೊಳಗೆ ಇಡೀ ಹಿಂಡು. ನೋಡಲು ಅಟ್ಟಣೆಗಳ ಮೇಲೆ ಅತಿಥಿಗಳು. 1968ರಲ್ಲಿ ಹಾಗೆ ಸಿಕ್ಕಿದ ಒಂದು ಗಂಡಾನೆ ಬಳ್ಳೆಯ ಶಿಬಿರದಲ್ಲಿ ಬೆಳೆದು, ಅರ್ಜುನನೆಂಬ ಹೆಸರಿನಲ್ಲಿ 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತು, 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಯಸಳೂರಿನ ಬಳಿ ಕಾಡಾನೆಯೊಂದನ್ನು ಹಿಡಿಯುವ ಕೆಲಸದಲ್ಲಿದ್ದಾಗ ಇನ್ನೊಂದು ಕಾಡಾನೆಯ ದಂತಕ್ಕೆ ಸಿಕ್ಕಿ ಸತ್ತಿತು. ಆನೆಯ ಒಂದು ಆಯುಸ್ಸಿನೊಳಗೆ ಇಷ್ಟು ಚರಿತ್ರೆ ಹಿಡಿಸುತ್ತದೆ.

ಖೆಡ್ಡಾ ನಡೆಯುತ್ತಿದ್ದ ನೆಲ ಈಗ ನೀರಿನಡಿ. ಬೀಚನಹಳ್ಳಿಯಲ್ಲಿ 1974ರಲ್ಲಿ ಕಬಿನಿಗೆ ಅಡ್ಡವಾಗಿ ಕಟ್ಟೆ ಎದ್ದಮೇಲೆ ಹಿನ್ನೀರು ಹರಡಿ ಕಾಡನ್ನು ನುಂಗಿತು, ಊರುಗಳನ್ನು, ಹಾಡಿಗಳನ್ನು ನುಂಗಿತು. ಮುಳುಗಿ ಸತ್ತ ಮರಗಳು ಇಂದಿಗೂ ಎದೆಮಟ್ಟದ ನೀರಿನಲ್ಲಿ ಬೂದುಬಣ್ಣದ ಕೈಗಳನ್ನೆತ್ತಿ ನಿಂತಿವೆ, ತುದಿಯಲ್ಲಿ ಒಂದೊಂದು ನೀರುಕಾಗೆ ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತದೆ. ಅಣೆಕಟ್ಟು ಕಟ್ಟಿದವರ ನಕ್ಷೆಯಲ್ಲಿ ಆನೆ ಇರಲಿಲ್ಲ, ಗದ್ದೆ ಇತ್ತು. ಆದರೆ ಬೇಸಗೆಯಲ್ಲಿ ಗದ್ದೆಗಳಿಗೆ ನೀರು ಬಿಟ್ಟಹಾಗೆ ಹಿನ್ನೀರು ಹಿಂದೆ ಸರಿಯುತ್ತದೆ, ಸರಿದ ಹಸಿನೆಲದಲ್ಲಿ ಎಳೆಹುಲ್ಲು ಏಳುತ್ತದೆ, ಸುತ್ತಲ ಕಾಡೆಲ್ಲ ಒಣಗಿ ಬಿರಿದಿರುವಾಗ ಇದೊಂದೇ ಹಸಿರು. ಮಾರ್ಚ್ ಕಳೆದು ಏಪ್ರಿಲ್ ಬರುವಾಗ ನಾಗರಹೊಳೆಯಿಂದ, ಬಂಡೀಪುರದಿಂದ, ವಯನಾಡಿನಿಂದ ಆನೆಗಳು ಇಳಿದು ಬರುತ್ತವೆ, ಒಂದು ಸಂಸಾರ, ಅದರ ಹಿಂದೆ ಇನ್ನೊಂದು. ಏಷ್ಯಾದ ಆನೆಗಳು ಇಷ್ಟು ದೊಡ್ಡದಾಗಿ ಕೂಡುವ ಜಾಗಗಳು ಬಹಳ ಕಡಿಮೆ. ಮರಿ ಸೊಂಡಿಲಿನಿಂದ ಹುಲ್ಲು ಹಿಡಿಯಲು ಕಲಿಯುತ್ತದೆ; ತಾಯಿ ಹುಲ್ಲನ್ನು ಕಾಲಿನುಗುರಿನಿಂದ ಒದ್ದು ಸಡಿಲಿಸಿ, ಕಿತ್ತು, ಮೊಣಕಾಲಿಗೆ ಎರಡು ಸಲ ಬಡಿದು ಮಣ್ಣು ಉದುರಿಸಿ, ಆಮೇಲೆ ಬಾಯಿಗಿಡುತ್ತದೆ. ಮರಿ ಬಡಿಯುತ್ತದೆ, ಹುಲ್ಲೇ ಉದುರುತ್ತದೆ. ದಡದಲ್ಲಿ ಅಂಥ ನೂರು ಬಡಿತಗಳ ಮೆತ್ತನೆಯ ಸದ್ದು ಒಟ್ಟಿಗೆ ಕೇಳಿಸುವಾಗ, ತಮಟೆಗೆ ಹೆದರಿ ಇದೇ ಹೊಳೆಯನ್ನು ದಾಟಿದ ಅಜ್ಜಿಯಾನೆಗಳ ನೆನಪು ಈ ಹಿಂಡಿನಲ್ಲಿ ಎಲ್ಲಿ ಇಳಿದಿರಬಹುದು ಎಂದು ಯೋಚನೆ ಬರುತ್ತದೆ. ಪಾಪದ ನೆಲದ ಮೇಲೆ ಪ್ರಸಾದ ಬೆಳೆದಿದೆ. ಲೆಕ್ಕ ಹಾಕಿದರೆ ಸರಿಹೋಗುವುದಿಲ್ಲ.

ಲೆಕ್ಕವನ್ನೂ ಹಾಕುತ್ತಾರೆ, ಅದೂ ಬೇಕು. ಉಲ್ಲಾಸ ಕಾರಂತರು 1980ರ ದಶಕದಿಂದ ಈ ಕಾಡಿನಲ್ಲಿ ಹುಲಿಯ ಅಧ್ಯಯನಕ್ಕೆ ನಿಂತು, ಮರಕ್ಕೆ ಕಟ್ಟಿದ ಕ್ಯಾಮೆರಾದ ಮುಂದೆ ಹಾದುಹೋದ ಹುಲಿಯನ್ನು ಅದರ ಪಟ್ಟೆಯಿಂದಲೇ ಗುರುತಿಸುವ ಕ್ರಮವನ್ನು ನೆಲೆಗೊಳಿಸಿದರು, ಕೆ.ಎಂ. ಚಿಣ್ಣಪ್ಪನವರಂಥ ರೇಂಜರು ಅದಕ್ಕೂ ಮುಂಚಿನಿಂದ ಕಾದಿದ್ದರಿಂದಲೇ ಎಣಿಸಲು ಹುಲಿ ಉಳಿದಿತ್ತು. 2022ರ ಗಣತಿಯಲ್ಲಿ ನಾಗರಹೊಳೆಗೆ 141 ಹುಲಿ. ಅಂಕಿ ಪತ್ರಿಕೆಗೆ ಹೋಗುತ್ತದೆ, ಪಕ್ಕದ ಬಂಡೀಪುರಕ್ಕಿಂತ ಒಂಬತ್ತು ಕಡಿಮೆಯಾಯಿತೆಂದು ಯಾರೋ ನೊಂದುಕೊಳ್ಳುತ್ತಾರೆ. ನನಗೆ ಹೆಚ್ಚು ಇಷ್ಟ ಅಂಕಿಗೆ ಸೇರದ ಚಿತ್ರಗಳು: ಮುಳ್ಳು ಕೆದರಿಕೊಂಡು ತನ್ನ ಪಾಡಿಗೆ ಹೋಗುತ್ತಿರುವ ಮುಳ್ಳುಹಂದಿ, ಬೆಳಕಿಗೆ ಬೆಚ್ಚಿದ ಎರಡು ಕಣ್ಣು ಮಾತ್ರ, ಅರ್ಧ ಬಾಲ, ಏನೂ ಇಲ್ಲದ ಮಳೆ.

ಕಾಡಿನ ಹೊರಗೆ ನಿಂತು ನೋಡುವವರಿಗೆ ಇದು ಬೇರೆಯಾಗಿ ಕಾಣುತ್ತದೆ. ಕೆ.ಆರ್. ನಗರದಲ್ಲಿ ಕಾಡೆನ್ನುವಂಥದ್ದು ಉಳಿದಿಲ್ಲ, ಕಣ್ಣು ಹರಿದಷ್ಟೂ ಭತ್ತ. ಪಿರಿಯಾಪಟ್ಟಣದ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಸರ್ಕಾರ ಸುಮಾರು 3,000 ಎಕರೆ ಕಾಡನ್ನು ಟಿಬೆಟಿನಿಂದ ಬಂದವರಿಗೆ ಬಿಟ್ಟುಕೊಟ್ಟಿತು. ಅವರು ತಾವೇ ಮರ ಕಡಿದು ನೆಲ ಮಾಡಿಕೊಂಡರು, ಈಗ ಅಲ್ಲಿ ಜೋಳದ ಹೊಲದ ಮೇಲೆ ಪ್ರಾರ್ಥನೆಯ ಬಾವುಟಗಳು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆಯಲ್ಲಿ ಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನುಗಳು ಹಗಲಿರುಳು ಉರಿಯುತ್ತವೆ, ಸಿಹಿಯೊಗರಿನ ಆ ಘಾಟು ಬಸ್ಸಿನ ಒಳಕ್ಕೂ ಬರುತ್ತದೆ. ಅಷ್ಟೂ ಸೌದೆ ಎಲ್ಲಿಂದಲಾದರೂ ಬರಲೇಬೇಕು.

ಕಾಡು, ಹೊಲ ಇವೆರಡರ ನಡುವೆ ಒಂದು ಗೆರೆ ಎಳೆಯಲೇಬೇಕಾಗಿ ಬಂದಿದೆ. ಮೊದಲು ಆನೆ ಕಂದಕ ತೋಡಿದರು. ಮಳೆಗೆ ದಂಡೆ ಕುಸಿದರೆ ಆನೆಗೆ ಅದೇ ಮೆಟ್ಟಿಲು. ಸೋಲಾರ್ ಬೇಲಿ ಹಾಕಿದರು. ಒಣಕೊಂಬೆ ತಂದು ತಂತಿಯ ಮೇಲೆ ಕೆಡವಿದರಾಯಿತು. ಈಗ ಹಳೆಯ ರೈಲುಕಂಬಿಗಳನ್ನು ತಂದು ನೆಟ್ಟಿದ್ದಾರೆ. ಒಂದು ಕಾಲಕ್ಕೆ ಹಳಿಯ ಕೆಳಗೆ ಮಲಗಲೆಂದು ಮರ ಬೆಳೆದ ಕಾಡಿಗೆ ಹಳಿಯೇ ಬಂದು ಬೇಲಿಯಾಗಿ ನಿಂತಿದೆ. 2018ರ ಡಿಸೆಂಬರಿನಲ್ಲಿ ವೀರನಹೊಸಹಳ್ಳಿಯ ಕಡೆ, ದಸರೆಗೆ ಗಜಪಯಣ ಹೊರಡುವ ಅದೇ ಬಾಗಿಲಿನ ಸೀಮೆಯಲ್ಲಿ, ಬೆಳಗಾಗುವ ಮುಂಚೆ ಕಾಡಿಗೆ ಮರಳುತ್ತಿದ್ದ ಸಲಗವೊಂದು ಈ ಕಂಬಿಯನ್ನು ಹತ್ತಿ ದಾಟಲು ಹೋಗಿ ಮೇಲೆಯೇ ಸಿಕ್ಕಿಕೊಂಡು ಸತ್ತಿತು. ಅಂಥದನ್ನು ಕಂಡಮೇಲೂ ಬೇಲಿ ಬೇಡವೆನ್ನುವ ಧೈರ್ಯ ಒಂದು ರಾತ್ರಿಯಲ್ಲಿ ಬಾಳೆತೋಟ ಕಳೆದುಕೊಂಡವನ ಮುಂದೆ ನನಗಿಲ್ಲ.

ಕಂಬಿಯಾಗಲಿ ಕಂದಕವಾಗಲಿ ನೀರಿನ ದಾರಿಗೆ ಬಂದಾಗ ನಿಲ್ಲಬೇಕಾಗುತ್ತದೆ. ಲಕ್ಷ್ಮಣತೀರ್ಥ ಬ್ರಹ್ಮಗಿರಿಯಲ್ಲಿ ಹುಟ್ಟಿ, ಕಾಡನ್ನು ಹಾದು, ಹನಗೋಡಿನ ಕಟ್ಟೆ ದಾಟಿ, ಹುಣಸೂರಿನ ಪೇಟೆಯೊಳಗಿಂದ ಕನ್ನಂಬಾಡಿಯ ಹಿನ್ನೀರಿಗೆ ಹೋಗುತ್ತದೆ. ಅದಕ್ಕೆ ಸೇರುವ ಹಳ್ಳಗಳೂ ಕಾಡಿನ ಗಡಿಯನ್ನು ಕೇಳಿಕೊಂಡು ಹರಿಯುವುದಿಲ್ಲ. ಹಳ್ಳದ ಬಾಯಿಗೆ ಗೋಡೆ ಕಟ್ಟಿದರೆ ಮೊದಲ ದೊಡ್ಡ ಮಳೆಗೆ ಕೊಚ್ಚಿಹೋಗುತ್ತದೆ, ತೆರೆದಿಟ್ಟರೆ ಆನೆ ಬರುತ್ತದೆ. ಸರಪಳಿ ಇಳಿಬಿಟ್ಟರೆ ಹೇಗೆ, ಕಂಬಿಯನ್ನೇ ಬಾಗಿಲಿನಂತೆ ತೂಗುಹಾಕಿದರೆ ಹೇಗೆ ಎಂದು ಮಾತು ನಡೆಯುತ್ತಿರುತ್ತದೆ. ಅಲ್ಲಿಯವರೆಗೆ ಆ ಸಂದಿಗಳನ್ನು ಎರಡು ಕಡೆಯಿಂದಲೂ ಕಾಯುತ್ತಾರೆ: ಒಳಗಿನಿಂದ ವಾಚರು, ಹೊರಗಿನಿಂದ ಅಟ್ಟಣೆಯ ಮೇಲೆ ಟಾರ್ಚು, ಪಟಾಕಿ ಇಟ್ಟುಕೊಂಡ ರೈತ. ಇಬ್ಬರಿಗೂ ಆ ಆನೆಯ ಪರಿಚಯವಿದೆ, ಅದಕ್ಕೆ ಇಟ್ಟ ಹೆಸರು ಮಾತ್ರ ಬೇರೆ ಬೇರೆ.